ಅಧ್ಯಯನ ಪಾಠ: ಕೊಬ್ಬಿನ ರಚನೆ, ಗುಣಧರ್ಮಗಳು ಮತ್ತು ಗ್ರಾಮದ ಚರಂಡಿ

ಬೆಂಗಳೂರು–ಕನಕಪುರ ಹೆದ್ದಾರಿಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶವು ಅರ್ಕಾವತಿ ನದಿಯ ಜಲಾನಯನ ವ್ಯಾಪ್ತಿಯಲ್ಲಿದೆ. ಕಾರ್ಖಾನೆಗಳಿರುವೆಡೆ ಕ್ಯಾಂಟೀನ್, ಹೋಟೆಲ್, ಬೋಂಡ-ಬಜ್ಜಿ ಗಾಡಿಗಳೂ ಇರುತ್ತವೆ. ಅಲ್ಲಿ ಕರಿದು ಉಳಿದ ಎಣ್ಣೆ ಎಲ್ಲಿ ಸೇರುತ್ತದೆ ಎಂಬುದು ಸುತ್ತಲಿನ ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ವಿಷಯ. ಅದಕ್ಕೆ ಕೊಬ್ಬಿನ ಸ್ವಭಾವವನ್ನು ಅರಿಯುವುದು ಅಗತ್ಯ.

1. ರಚನೆ
ಎಣ್ಣೆ, ತುಪ್ಪ, ಮೇಣ ಮುಂತಾದವುಗಳನ್ನು ಜೀವಶಾಸ್ತ್ರದಲ್ಲಿ ಲಿಪಿಡ್‌ಗಳೆಂದು ಕರೆಯಲಾಗುತ್ತದೆ. ಅಡುಗೆಯ ಎಣ್ಣೆ ಮತ್ತು ತುಪ್ಪದಲ್ಲಿ ಒಂದು ಗ್ಲಿಸರಾಲ್ ಅಣುವಿಗೆ ಕೊಬ್ಬಿನ ಆಮ್ಲದ ಮೂರು ಉದ್ದನೆಯ ಸರಪಳಿಗಳು ಜೋಡಣೆಯಾಗಿರುತ್ತವೆ. ಸರಪಳಿ ನೇರವಾಗಿದ್ದರೆ ಅಣುಗಳು ಒತ್ತೊತ್ತಾಗಿ ಕೂಡುತ್ತವೆ. ಇಂತಹ ಪರ್ಯಾಪ್ತ ಕೊಬ್ಬು ಹೆಚ್ಚಿರುವುದರಿಂದಲೇ ತುಪ್ಪವು ಚಳಿಗೆ ಗಟ್ಟಿಯಾಗುತ್ತದೆ. ದ್ವಿಬಂಧಗಳಿಂದ ಸರಪಳಿ ಬಾಗಿದ್ದರೆ ಅದು ಅಪರ್ಯಾಪ್ತ. ಕಡಲೆಕಾಯಿ ಎಣ್ಣೆ ದ್ರವವಾಗಿಯೇ ಉಳಿಯಲು ಇದೇ ಕಾರಣ.

2. ಗುಣಧರ್ಮಗಳು
ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ. ಪ್ರತಿಯೊಂದು ಜೀವಕೋಶದ ಪೊರೆಯೂ ಈ ಗುಣದಿಂದಲೇ ಸಾಧ್ಯವಾಗಿದೆ. ಪೊರೆಯ ಫಾಸ್ಫೋಲಿಪಿಡ್ ಅಣುಗಳ ತಲೆ ನೀರಿನೆಡೆಗೂ ಬಾಲ ಒಳಮುಖವಾಗಿಯೂ ನಿಂತು ಎರಡು ಪದರಗಳ ಗೋಡೆಯಾಗುತ್ತವೆ. ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ನೀಡುತ್ತದೆ. ಅಷ್ಟೇ ಪಿಷ್ಟ ನೀಡುವುದು ಸುಮಾರು 4.

3. ಚರಂಡಿಯಲ್ಲಿ ಪರಿಣಾಮ
ದೇಹವನ್ನು ಕಾಯುವ ಇದೇ ಗುಣ ಚರಂಡಿಯಲ್ಲಿ ಕೇಡು ಮಾಡುತ್ತದೆ. ಜಿಡ್ಡು ತಣಿದು ಕೊಳವೆಗೆ ಅಂಟಿ ಹರಿವನ್ನು ತಡೆಯುತ್ತದೆ. ಬಚ್ಚಲು ಗುಂಡಿ ಸೇರಿದರೆ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಂಗುವುದಿಲ್ಲ. ಕೆರೆಯ ಮೇಲೆ ಹರಡಿದ ಎಣ್ಣೆಯ ಪದರವು ಗಾಳಿಯ ಆಮ್ಲಜನಕ ನೀರಿಗೆ ಬೆರೆಯದಂತೆ ತಡೆಯುತ್ತದೆ. ಬಿಸಿನೀರು, ಸೋಪು ಸುರಿದರೆ ಜಿಡ್ಡು ಮುಂದಕ್ಕೆ ಹೋಗಿ ಕೂಡುವುದೇ ಹೊರತು ಇಲ್ಲವಾಗುವುದಿಲ್ಲ.

ಪರಿಸರ ಸಂರಕ್ಷಣಾ ನಿಯಮಗಳು, 1986ರ ಪ್ರಕಾರ ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 900 ಗ್ರಾಂ. ಅಂದರೆ ಒಂದೇ ಲೀಟರ್ ಎಣ್ಣೆಯು ಸುಮಾರು 90,000 ಲೀಟರ್ ನೀರನ್ನು ಈ ಮಿತಿಯ ಅಂಚಿಗೆ ತರಬಲ್ಲದು.

4. ಬಳಸಿದ ಎಣ್ಣೆ
ಪದೇ ಪದೇ ಕಾಯಿಸಿದ ಎಣ್ಣೆಯ ಅಣುಗಳು ಒಡೆದು ಹಾನಿಕಾರಕ ಪದಾರ್ಥಗಳಾಗುತ್ತವೆ. ಒಟ್ಟು ಪೋಲಾರ್ ಸಂಯುಕ್ತಗಳ ಪ್ರಮಾಣ ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲವೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇಂತಹ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಿಕೆಗೆ ನೀಡುವ ‘ರುಕೋ’ ಕಾರ್ಯಕ್ರಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅದೇ ವರ್ಷ ಆರಂಭಿಸಿತು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು
• ತಮ್ಮ ವ್ಯಾಪ್ತಿಯ ಹೋಟೆಲ್, ಕ್ಯಾಂಟೀನ್, ತಿಂಡಿ ಗಾಡಿಗಳ ಪಟ್ಟಿ ಸಿದ್ಧಪಡಿಸುವುದು.
• ಬಳಸಿದ ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಿ ಅಧಿಕೃತ ಸಂಗ್ರಾಹಕರಿಗೆ ನೀಡುವಂತೆ ತಿಳಿಸುವುದು.
• ತೊಳೆದ ನೀರು ಚರಂಡಿ ಸೇರುವ ಮುನ್ನ ಜಿಡ್ಡು ತಡೆ ತೊಟ್ಟಿ ಇರುವಂತೆ ನೋಡಿಕೊಳ್ಳುವುದು. ತೊಟ್ಟಿಯಲ್ಲಿ ನೀರು ನಿಧಾನವಾದಾಗ ಜಿಡ್ಡು ತೇಲುತ್ತದೆ, ತಳಭಾಗದ ನೀರು ಹೊರಹೋಗುತ್ತದೆ. ತೇಲಿದ ಜಿಡ್ಡನ್ನು ಆಗಾಗ ತೆಗೆಯಬೇಕು.
• ಕಾರ್ಖಾನೆಯ ತ್ಯಾಜ್ಯ ನೀರಿನ ಬಗ್ಗೆ ದೂರುಗಳಿದ್ದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸುವುದು.
• ಈ ವಿಷಯವನ್ನು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಚರ್ಚೆಗೆ ತರುವುದು.

ಎಣ್ಣೆಯನ್ನು ಡಬ್ಬದಲ್ಲಿ ಹಿಡಿದಿಡುವುದು ಸುಲಭ. ನೀರಿಗೆ ಸೇರಿದ ನಂತರ ಬೇರ್ಪಡಿಸುವುದು ಕಷ್ಟ ಮತ್ತು ದುಬಾರಿ.