ಮೊದಲು ಪ್ಲಂಬರ್ ಮನೆ ನೋಡಲಿ, ಆಮೇಲೆ ಕಮೋಡ್ ಕೊಳ್ಳಿ

ಮಂಡಿನೋವಿನ ಹಿರಿಯರಿಗಾಗಿ ಇಂಡಿಯನ್ ಟಾಯ್ಲೆಟ್ ತೆಗೆಸಿ ಕಮೋಡ್ ಹಾಕಿಸಬೇಕು ಎಂದಿರುವವರಿಗೆ ನಾನು ಹೇಳುವುದು ಇಷ್ಟೆ: ಕೆಲಸ ಮಾಡುವವನು ಮನೆಗೆ ಬಂದು, ನೆಲ, ಗೋಡೆ, ಹೊರಗಿನ ಚೇಂಬರ್ ಎಲ್ಲ ನೋಡಿ ಅಳತೆ ಬರೆದುಕೊಡುವ ತನಕ ಅಂಗಡಿ ಕಡೆ ಹೋಗಬೇಡಿ. ನಮ್ಮ ಮನೆಯಲ್ಲೂ ಮೊದಲ ದಿನವೇ ಈ ಮಾತು ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆಗೆ ಎರಡೂ ಮಂಡಿಯ ಆಪರೇಷನ್ ಆಗಿತ್ತು. ಇನ್ನು ಕುಕ್ಕರುಗಾಲಿನಲ್ಲಿ ಕೂರಲೇಬಾರದು ಎಂದಿದ್ದರು ಡಾಕ್ಟರು. ಮೈಸೂರಿನ ನಮ್ಮ ಮನೆ ಮಾವನವರು ಕಟ್ಟಿಸಿದ್ದು. ಕೆಳಗೆ ಇಂಡಿಯನ್, ಮಹಡಿಯಲ್ಲಿ ಬಿರುಕು ಬಿಟ್ಟ ಹಳೇ ಕಮೋಡ್. ಅತ್ತೆ ಆಸ್ಪತ್ರೆಯಿಂದ ಬರುವುದರೊಳಗೆ ಎರಡನ್ನೂ ಬದಲಿಸಿಬಿಡೋಣ ಎಂದುಕೊಂಡೆವು.

ಅಷ್ಟರಲ್ಲಿ ಯಜಮಾನರ ಭಾವ ಬಂದರು. "ಅದೆಲ್ಲ ನನಗೆ ಬಿಡಿ. ಗುರುತಿನ ಅಂಗಡಿ ಇದೆ, ಜೋಡಿ ತಗೊಂಡ್ರೆ ಡಿಸ್ಕೌಂಟ್ ಕೊಡ್ತಾನೆ. ಕೂರಿಸೋಕೆ ಹುಡುಗನ್ನೂ ಅವನೇ ಕಳಿಸ್ತಾನೆ" ಎಂದರು. "ಪೈಪ್ ಎಲ್ಲಿದೆ ಅಂತ ನೋಡದೆ ಹೇಗೆ ತರೋದು ಅಣ್ಣ?" ಎಂದೆ. "ಕಮೋಡ್ ಎಲ್ಲಾ ಒಂದೇನಮ್ಮ" ಎಂದು ನಕ್ಕುಬಿಟ್ಟರು.

ಎಲ್ಲಾ ಒಂದೇ ಅಲ್ಲ. ಕಮೋಡಿನ ಔಟ್‌ಲೆಟ್ ನೆಲಕ್ಕೆ ಇಳಿದರೆ ಅದು ಎಸ್ ಟ್ರ್ಯಾಪ್. ಹಿಂದಿನ ಗೋಡೆಗೆ ಹೋದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪಿನಲ್ಲೂ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಎಂಬ ಲೆಕ್ಕವಿದೆ. ಸಾಮಾನ್ಯವಾಗಿ 4, 9 ಅಥವಾ 12 ಇಂಚಿನದು ಸಿಗುತ್ತದೆ. ಅಳೆಯುವುದು ಟೈಲ್ಸ್ ಮೇಲಿನಿಂದ, ಒಳಗಿನ ಇಟ್ಟಿಗೆಯಿಂದಲ್ಲ. ಅಂಗಡಿಯವನು ಇದೊಂದನ್ನೂ ಕೇಳದೆ 9 ಇಂಚಿನ ಎರಡು ಎಸ್ ಟ್ರ್ಯಾಪ್ ಕಮೋಡ್ ಕಳಿಸಿದ. ಮಹಡಿಯಲ್ಲಿ ನಮಗಿದ್ದದ್ದು ಗೋಡೆಯ ಪೈಪು. ಒಂದು ಡಬ್ಬ ಬಿಚ್ಚುವ ಮೊದಲೇ ದಂಡವಾಯಿತು.

ಕೆಳಗಿನ ಕೆಲಸ ಇನ್ನೂ ಕೆಟ್ಟದಾಗಿ ನಡೆಯಿತು. ಹುಡುಗ ಸುತ್ತಿಗೆ ಹಿಡಿದು ಹಳೇ ಪ್ಯಾನನ್ನು ಒಡೆಯತೊಡಗಿದ. "ಟ್ರ್ಯಾಪಿನ ಬಾಯಿಗೆ ಗೋಣಿಚೀಲ ತುರುಕಪ್ಪಾ, ಚೂರುಗಳು ಒಳಗೆ ಬೀಳ್ತಿವೆ" ಎಂದೆ. "ಏನೂ ಆಗಲ್ಲ ಮೇಡಂ" ಎಂದ. ನೆಲದೊಳಗಿದ್ದ ಹಳೇ ಟ್ರ್ಯಾಪನ್ನೂ ತೆಗೆಯಲಿಲ್ಲ. ತೆಗೆದರೆ ಚೇಂಬರ್‌ವರೆಗೂ ಅಗೆಯಬೇಕು, ಕೆಲಸ ಜಾಸ್ತಿ ಎಂದ. ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದ ಭಾವ ಕೂತಲ್ಲಿಂದಲೇ, "ಅವನ ಕೆಲಸ ಅವನಿಗೆ ಬಿಡಮ್ಮ" ಎಂದರು. ಹಸಿ ಸಿಮೆಂಟಿನ ಮೇಲೆ ಕಮೋಡ್ ಇಟ್ಟು, ಅಂಚಿಗೆ ವೈಟ್ ಸಿಮೆಂಟ್ ಬಳಿದು, ದುಡ್ಡು ಎಣಿಸಿಕೊಂಡು ಹುಡುಗ ಹೊರಟ.

ಅತ್ತೆ ಮನೆಗೆ ಬಂದ ರಾತ್ರಿಯನ್ನು ನಾನು ಮರೆಯಲಾರೆ. ನಡುರಾತ್ರಿ ವಾಕರ್ ಹಿಡಿದು ಬಚ್ಚಲಮನೆಗೆ ಹೋದರು. ನಾನು ಬಾಗಿಲ ಹೊರಗೇ ನಿಂತಿದ್ದೆ. ಫ್ಲಶ್ ಒತ್ತಿದ ಸದ್ದು ಕೇಳಿತು, ಹಿಂದೆಯೇ "ಮಗೂ, ನೀರು ಮೇಲಕ್ಕೆ ಬರ್ತಿದೆ" ಎಂದು ಕೂಗಿದರು. ಒಳಗೆ ಹೋಗುವಷ್ಟರಲ್ಲಿ ಕೊಳಕು ನೀರು ಅಂಚಿನವರೆಗೂ ಏರಿತ್ತು. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದರೋ ಏನೋ, ತುಂಬಿ ನೆಲಕ್ಕೆ ಚೆಲ್ಲಿತು. ಏಳಲು ಹೋದರೆ ಕಮೋಡೇ ಒಂದು ಪಕ್ಕಕ್ಕೆ ವಾಲಿತು. ವಾಕರಿನ ಕಾಲು ಜಾರಿತು. ನಾನು ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ಅವರ ಪೂರ್ತಿ ಭಾರ ನನ್ನ ಮೇಲೆ. ಹೊಲಿಗೆ ಇನ್ನೂ ಬಿಚ್ಚದ ಮಂಡಿಗಳ ಕೆಳಗೆ, ಪಾದ ಮುಳುಗುವಷ್ಟು ಮಲದ ನೀರು. ಒಂದು ಹನಿಯೂ ಗಾಯಕ್ಕೆ ತಾಕಬಾರದು ಎಂದು ಆಸ್ಪತ್ರೆಯಲ್ಲಿ ಅಷ್ಟು ಹೇಳಿ ಕಳಿಸಿದ್ದರು. ಯಜಮಾನರು ಓಡಿಬಂದು ಆ್ಯಂಗಲ್ ಕಾಕ್ ತಿರುಗಿಸಿದರು. ಇಬ್ಬರೂ ಸೇರಿ ಅವರನ್ನು ಕುರ್ಚಿಗೆ ಕೂರಿಸಿ, ಕಾಲು ತೊಳೆದು ಒರೆಸಿ, ಬ್ಯಾಂಡೇಜ್ ಒಣಗೇ ಇದೆ ಎಂದು ಟಾರ್ಚ್ ಹಿಡಿದು ನೋಡಿಕೊಂಡ ಮೇಲೆಯೇ ನನಗೆ ಉಸಿರು ಬಂದದ್ದು. "ನನ್ನಿಂದ ನಿಮಗೆಲ್ಲ ಎಷ್ಟು ತೊಂದರೆ" ಎಂದು ಅತ್ತೆ ಕಣ್ಣೀರಿಟ್ಟರು. ಅವರು ಯಾಕೆ ಅಳಬೇಕಿತ್ತು? ಅಳತೆ ನೋಡದೆ ಮಾಲು ಕಳಿಸಿದವನೂ ಅವನಿಗೆ ಜಾಮೀನು ನಿಂತವರೂ ಆ ಹೊತ್ತಿನಲ್ಲಿ ಸುಖವಾಗಿ ಮಲಗಿದ್ದರು.

ಮರುದಿನ ಪಕ್ಕದ ಬೀದಿಯ ವಯಸ್ಸಾದ ಪ್ಲಂಬರನ್ನು ಕರೆಸಿದೆ. ಅವರು ಬಚ್ಚಲಮನೆಗೆ ಕಾಲಿಡುವ ಮೊದಲು ಹೊರಗಿನ ಚೇಂಬರ್ ಮುಚ್ಚಳ ತೆಗೆಸಿದರು. ಒಳಗಿಂದ ಒಂದು ಬಕೆಟ್ ನೀರು ಬಿಡಿಸಿದರೆ, ಹೊರಗೆ ಸಣ್ಣಗೆ ಜಿನುಗಿತು. "ಕಮೋಡಿನ ಹೊಟ್ಟೇಲೇ ಒಂದು ಟ್ರ್ಯಾಪ್ ಇರುತ್ತಮ್ಮ. ಕೆಳಗೆ ಹಳೇದನ್ನೂ ಬಿಟ್ಟರೆ ಎರಡಾಯ್ತು, ನಡುವೆ ಗಾಳಿ ಕಟ್ಟುತ್ತೆ, ನೀರು ಎಳೆಯೋದೇ ಇಲ್ಲ" ಎಂದರು. ನೆಲ ಅಗೆದಾಗ ಹಳೇ ಟ್ರ್ಯಾಪಿನ ತುಂಬ ಪ್ಯಾನಿನ ಚೂರು, ಸಿಮೆಂಟಿನ ಗಟ್ಟಿ. ಸಿಮೆಂಟಿನಲ್ಲಿ ಹೂತಿದ್ದ ಹೊಸ ಕಮೋಡು ಕೀಳುವಾಗ ಬುಡದಲ್ಲಿ ಒಡೆಯಿತು. ಒಂದು ಬೋಲ್ಟೂ ಹಾಕಿರಲಿಲ್ಲ. ಅಂಗಡಿಯವನು "ಒಮ್ಮೆ ಕೂರಿಸಿದ ಮೇಲೆ ವಾಪಸ್ ಇಲ್ಲ" ಎಂದು ಬಿಲ್ಲಿನ ಕೆಳಗಿನ ಸಾಲು ತೋರಿಸಿದ. ಭಾವ ಈವರೆಗೂ ಆ ವಿಷಯ ಎತ್ತಿಲ್ಲ.

ಈ ಸಲ ಹಳೇ ಟ್ರ್ಯಾಪ್ ತೆಗೆಸಿ, ಚೇಂಬರ್‌ವರೆಗೂ 4 ಇಂಚಿನ ಹೊಸ ಪೈಪ್ ಇಳಿಜಾರು ನೋಡಿ ಹಾಕಿಸಿದೆವು. ಹೊಸ ಕಮೋಡು ಬೋಲ್ಟಿನಲ್ಲಿ ನಿಂತಿದೆ, ಸುತ್ತ ಸಿಲಿಕಾನ್ ಇದೆ, ಅಲುಗಾಡುವುದಿಲ್ಲ. ಮಹಡಿಗೆ ಪಿ ಟ್ರ್ಯಾಪಿನದನ್ನು ಬೇರೆ ಅಂಗಡಿಯಲ್ಲಿ ಕೊಂಡೆವು.

ಕೊಳ್ಳುವವರು ಇಷ್ಟು ನೆನಪಿಡಿ. ಔಟ್‌ಲೆಟ್ ನೆಲಕ್ಕೋ ಗೋಡೆಗೋ, ಎಷ್ಟು ಇಂಚು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿ. ಪಿಂಗಾಣಿ ಮಾಲಿಗೆ ಐಎಸ್ 2556 ಗುರುತು ಇದೆಯೇ ನೋಡಿ. ಮಾಮೂಲಿ ಕಮೋಡ್ ಸುಮಾರು 16 ಇಂಚು ಎತ್ತರ. ಮಂಡಿ ಆಪರೇಷನ್ ಆದವರಿಗೆ ಸೀಟ್ ಸೇರಿ 18 ಇಂಚು ಇದ್ದರೆ ಏಳುವುದು ಸುಲಭ. ಪಕ್ಕದ ಗೋಡೆಗೆ ಹಿಡಿಕೆಯನ್ನು ಅದೇ ದಿನ ಹಾಕಿಸಿ. 3 ಮತ್ತು 6 ಲೀಟರಿನ ಎರಡು ಗುಂಡಿಯ ಫ್ಲಶ್ ತೆಗೆದುಕೊಂಡರೆ ನೀರು ಉಳಿಯುತ್ತದೆ. ನೆಲ ಮುಚ್ಚುವ ಮೊದಲು ಬಕೆಟ್‌ಗಟ್ಟಲೆ ನೀರು ಬಿಡಿಸಿ, ಜಾಯಿಂಟ್ ಒಣಗಿದೆಯೇ ಎಂದು ಕೈಯಿಟ್ಟು ನೋಡಿ. ಅದೆಲ್ಲ ಆಗುವ ತನಕ ಪೂರ್ತಿ ಕೂಲಿ ಕೊಡಬೇಡಿ.

ನೆಂಟರು ಬೇಸರ ಮಾಡಿಕೊಳ್ಳುತ್ತಾರೆ, ಹೆಂಗಸರು ಪೈಪಿನ ವಿಷಯ ಮಾತಾಡಬಾರದು ಅನ್ನುತ್ತಾರೆ ಎಂದು ಯಾರೂ ಸುಮ್ಮನಾಗಬೇಡಿ. ಕೆಲಸ ತಪ್ಪಾಗುತ್ತಿದೆ ಎಂದು ಕಂಡರೆ ಅಲ್ಲೇ ನಿಲ್ಲಿಸಿ. ಆ ಟಾಯ್ಲೆಟ್ಟಿಗೆ ರಾತ್ರಿ ಹೊತ್ತು ಒಬ್ಬರೇ ಹೋಗಬೇಕಾದವರು ನಿಮ್ಮ ಮನೆಯ ಹಿರಿಯರು.