ವೇಗಕ್ಕೊಂದು ಕಡಿವಾಣ

ಮೂವತ್ತು ವರ್ಷಗಳ ಹಿಂದೆ ನಮ್ಮ ಕಚೇರಿಗಿದ್ದ ಏಕಮಾತ್ರ ಕಂಪ್ಯೂಟರಿನ ಮುಂದೆ, ಮಧ್ಯಾಹ್ನದ ಬಿಡುವಿನಲ್ಲಿ, ಡಬ್ಬಿಯ ಚಿತ್ರಾನ್ನವನ್ನು ಅರ್ಧಕ್ಕೇ ಮುಚ್ಚಿಟ್ಟು ನಾವು ನಾಲ್ವರು ಸರದಿಯಂತೆ ಆಡುತ್ತಿದ್ದ ‘ಡಿಗ್ಗರ್’ ಮತ್ತು ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬೆರಡು ಆಟಗಳನ್ನು ನಿವೃತ್ತಿಯ ಬಳಿಕ ಮತ್ತೊಮ್ಮೆ ಆಡಬೇಕೆಂಬ ಬಾಲಿಶವಾದ ಬಯಕೆಯು ನನ್ನಲ್ಲಿ ಅಂಕುರಿಸಿದಾಗ, ಮನೆಯ ಯಂತ್ರದಲ್ಲಿ ಅವು ಓಡಲು ಬೇಕಾದ ಡಾಸ್ ಇರಲಿಲ್ಲ, ವಿಂಡೋಸ್ ಕೂಡ ಇರಲಿಲ್ಲ. ಮಗನು ಹಾಕಿಕೊಟ್ಟ ಉಬುಂಟು ಲಿನಕ್ಸ್ ಮಾತ್ರ ಇದ್ದಿತು.

ಇದಕ್ಕೆ ಪರಿಹಾರ ಡಾಸ್‌ಬಾಕ್ಸ್ ಎಂದು ಅವನೇ ಹೇಳಿದನು. 2002ರಲ್ಲಿ ಮೊದಲು ಹೊರಬಂದ ಈ ತಂತ್ರಾಂಶವು ಹೊಸ ಕಂಪ್ಯೂಟರಿನ ಗರ್ಭದಲ್ಲಿ ಹಳೆಯದೊಂದನ್ನು, ಅದರ ಪ್ರೊಸೆಸರ್, ಡಾಸಿನ 640 ಕೆ.ಬಿ. ಸ್ಮೃತಿ, ಸೌಂಡ್ ಬ್ಲಾಸ್ಟರ್ ಧ್ವನಿಫಲಕಗಳ ಸಮೇತ, ಕಲ್ಪಿಸಿಕೊಡುತ್ತದೆ. ‘ಮೌಂಟ್’ ಎಂಬ ಆಜ್ಞೆಯಿಂದ ಆಟಗಳಿರುವ ಕಡತಕೋಶವನ್ನು ಅದಕ್ಕೆ ತೋರಿಸಬೇಕು. ತೋರಿಸಿದೆನು, ಅಂಥದೊಂದು ಕೋಶವೇ ಇಲ್ಲವೆಂದಿತು. ಅರ್ಧ ಗಂಟೆ ತಡಕಾಡಿದ ಮೇಲೆ ತಿಳಿಯಿತು: ಕೋಶದ ಹೆಸರು ದೊಡ್ಡಕ್ಷರದಿಂದ ಆರಂಭವಾಗಿದ್ದಿತು, ನಾನು ಸಣ್ಣಕ್ಷರ ಒತ್ತಿದ್ದೆನು. ಡಾಸಿಗೆ ಈ ಭೇದವಿಲ್ಲ. ಲಿನಕ್ಸಿಗೋ ಅದು ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಕನ್ನಡ ಪಂಡಿತರಿಗಿದ್ದಷ್ಟೇ ನಿಷ್ಠುರ.

ಎರಡನೆಯ ತಪ್ಪು ಲೋಭದಿಂದಾದುದು. ‘ಸೈಕಲ್ಸ್’ ಎಂಬ ವೇಗಮಾನವು ಹೆಚ್ಚಿದ್ದಷ್ಟೂ ಲೇಸೆಂದು ಭಾವಿಸಿ 50000 ಎಂದು ಬರೆದಿಟ್ಟೆನು. 1983ರ ಡಿಗ್ಗರ್ ತೆರೆದೊಡನೆ, ನನ್ನ ಬೆರಳು ಗುಂಡಿಯನ್ನು ಮುಟ್ಟುವ ಮೊದಲೇ ಭೂತಗಳು ಸುರಂಗದೊಳಗೆ ಮಿಂಚಿನಂತೆ ನುಗ್ಗಿ ನನ್ನನ್ನು ನುಂಗಿದುವು. ಐ.ಬಿ.ಎಂ.ನ ಮೊದಲ ಪಿ.ಸಿ.ಯ ವೇಗ 4.77 ಮೆಗಾಹರ್ಟ್ಸ್, ಆ ಕಾಲದ ಎಷ್ಟೋ ಆಟಗಳು ಗಡಿಯಾರವನ್ನು ನೋಡದೆ ಯಂತ್ರದ ನಡಿಗೆಯಿಂದಲೇ ಕಾಲವನ್ನು ಅಳೆಯುತ್ತಿದ್ದುವಾದುದರಿಂದ, ಯಂತ್ರವು ಓಡಿದರೆ ಅವೂ ಓಡುವುವು. ಕಂಟ್ರೋಲ್ ಗುಂಡಿಯೊಡನೆ ಎಫ್11 ಒತ್ತಿದರೆ ವೇಗವು ಪ್ರತಿ ಸಲಕ್ಕೂ ಒಂದಿಷ್ಟು ತಗ್ಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಬಾರಿ ಒತ್ತಿ, 300ರ ಆಸುಪಾಸಿಗೆ ಇಳಿಸಿದ ಮೇಲೆ ಭೂತಗಳು ನನ್ನ ಬಾಲ್ಯಸ್ನೇಹಿತರಂತೆ ನಿಧಾನವಾಗಿ ನಡೆದು ಬಂದುವು.

ಇನ್ನು ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಬೇಕಾದ ಪ್ರಿನ್ಸ್. ಆಟದ ಕರ್ತೃ ಜೋರ್ಡನ್ ಮೆಕ್ನರ್ ತನ್ನ ತಮ್ಮನ ಓಟ ನೆಗೆತಗಳನ್ನು ಚಿತ್ರೀಕರಿಸಿ, ಆ ಚಿತ್ರಗಳ ಮೇಲೆಯೇ ಗೆರೆ ತಿದ್ದಿ ರೂಪಿಸಿದ ಆ ತರುಣನು 300ರಲ್ಲಿ ಕೆಸರಿನಲ್ಲಿ ಕಾಲೆಳೆಯುವವನಂತಾದನು. 3000ಕ್ಕೆ ಏರಿಸಿದ ಮೇಲೆಯೇ ಅವನ ಹೆಜ್ಜೆಗೆ ಹಳೆಯ ಲಾಲಿತ್ಯ ಮರಳಿದುದು. ಆದರೆ ಮೊದಲ ಹಂತವನ್ನು ದಾಟಿದೊಡನೆ ಪಾನೀಯದ ಸೀಸೆಗಳ ಕೋಣೆ ಎದುರಾಯಿತು: ಕೈಪಿಡಿಯ ಇಂತಿಷ್ಟನೆಯ ಪುಟದ, ಇಂತಿಷ್ಟನೆಯ ಸಾಲಿನ, ಇಂತಿಷ್ಟನೆಯ ಪದದ ಮೊದಲಕ್ಷರವುಳ್ಳ ಸೀಸೆಯನ್ನೇ ಕುಡಿಯಬೇಕು. ನಕಲುಗಾರರನ್ನು ತಡೆಯಲು ಒಡ್ಡಿದ್ದ ಆ ಬಲೆಗೆ ಕೈಪಿಡಿ ಕಳೆದುಕೊಂಡ ನಾನು ಬಿದ್ದೆನು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿದರೆ, “ಏನ್ರೀ, ಈ ವಯಸ್ಸಲ್ಲಿ ರಾಜಕುಮಾರಿ ಬಿಡಿಸೋಕೆ ಹೊರಟ್ರಾ?” ಎಂದು ನಕ್ಕು, ಅಟ್ಟದಿಂದ ಕೈಪಿಡಿಯನ್ನು ಹುಡುಕಿಕೊಟ್ಟರು.

ಹಳೆಯದನ್ನು ಉಳಿಸುವುದೆಂದರೆ ಅದನ್ನು ನಮ್ಮ ಕಾಲಕ್ಕೆ ಎಳೆದು ತರುವುದಲ್ಲ, ನಮ್ಮ ಯಂತ್ರವನ್ನು ಅದರ ಕಾಲದವರೆಗೆ ತಗ್ಗಿಸುವುದು ಎಂಬುದಿಷ್ಟೇ ನಾನು ಕಲಿತ ಪಾಠ. ಈಗ ಪ್ರತಿಯೊಂದು ಆಟಕ್ಕೂ ಅದರ ವೇಗವನ್ನು ಬರೆದಿಟ್ಟ ಪ್ರತ್ಯೇಕ ಕಡತವಿದೆ. ಪಕ್ಕದಲ್ಲಿಯೇ ಕೈಪಿಡಿಯ ಪುಟಗಳ ಚಿತ್ರಗಳಿವೆ. ಆಟಕ್ಕೆ ವಿಧಿಸಿರುವ 60 ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸುವುದು ಮಾತ್ರ ಇಂದಿಗೂ ನನ್ನಿಂದಾಗಿಲ್ಲ. ಅದರಲ್ಲಿ ಲಿನಕ್ಸಿನ ತಪ್ಪೇನೂ ಇಲ್ಲ.