ಮಲಯದಲ್ಲಿ ಕುವೊಮಿನ್‌ಟಾಂಗ್

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಚೀನಾದ ಅಸಂಖ್ಯಾತ ಜನರು ಹೊಟ್ಟೆಪಾಡಿಗಾಗಿ ಕಡಲು ದಾಟಿ ಮಲಯಕ್ಕೆ ಬಂದರು. ಕ್ರಮೇಣ ಆ ನಾಡು ಬ್ರಿಟಿಷರ ಅಧೀನವಾಯಿತು. ವಲಸೆ ಬಂದವರು ತವರದ ಗಣಿಗಳಲ್ಲಿ ದುಡಿದರು. ಬಂದರುಗಳಲ್ಲಿ ಮೂಟೆ ಹೊತ್ತರು. ಅಂಗಡಿಗಳನ್ನಿಟ್ಟು ವ್ಯಾಪಾರ ಮಾಡಿದರು. ಅವರ ದೇಹ ಮಲಯದಲ್ಲಿದ್ದರೂ ಮನಸ್ಸು ಹುಟ್ಟೂರಿನಲ್ಲಿತ್ತು. ಗಳಿಕೆಯಲ್ಲಿ ಉಳಿಸಿದ ಹಣ ಊರಿಗೆ ಹೋಗುತ್ತಿತ್ತು.

ಈ ಜನರು ಯಾವ ದೇಶದ ಪ್ರಜೆಗಳು? ಸಿಂಗಪುರದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆಯೆಂದು ಬ್ರಿಟಿಷರ ಕಾನೂನು ಹೇಳುತ್ತಿತ್ತು. ಚೀನೀ ತಂದೆಯ ಮಗು ಎಲ್ಲಿ ಹುಟ್ಟಿದರೂ ಚೀನಾದ ಪ್ರಜೆಯೇ ಎಂದು ಮಂಚೂ ಅರಸರು 1909ರಲ್ಲಿ ವಿಧಿಸಿದರು. ಹೀಗೆ ಒಬ್ಬನೇ ಮನುಷ್ಯನ ಮೇಲೆ ಎರಡು ದೇಶಗಳು ಹಕ್ಕು ಸಾಧಿಸಿದವು.

ಮಂಚೂ ಆಳ್ವಿಕೆಯನ್ನು ಕೊನೆಗಾಣಿಸಲು ಹೊರಟ ಸನ್ ಯಾತ್ ಸೇನ್, ವಲಸಿಗರ ಈ ತಾಯ್ನಾಡಿನ ಪ್ರೇಮವನ್ನು ಚೆನ್ನಾಗಿ ಅರಿತಿದ್ದನು. 1906ರಲ್ಲಿ ಆತನ ಕ್ರಾಂತಿಕಾರಿ ಸಂಘದ ಶಾಖೆಯೊಂದು ಸಿಂಗಪುರದಲ್ಲಿ ಆರಂಭವಾಯಿತು. 1910ರ ನವೆಂಬರ್‌ನಲ್ಲಿ ಪೆನಾಂಗ್‌ನಲ್ಲಿ ಸೇರಿದ ಸಭೆಯು ಕ್ಯಾಂಟನ್ನಿನಲ್ಲಿ ದಂಗೆಯೇಳಲು ನಿರ್ಧರಿಸಿ, ಅದಕ್ಕಾಗಿ ಹಣ ಕೂಡಿಸಿತು. 1911ರ ಏಪ್ರಿಲ್‌ನಲ್ಲಿ ನಡೆದ ಆ ದಂಗೆ ವಿಫಲವಾಯಿತು. ಅದರಲ್ಲಿ ಮಡಿದವರ ಪೈಕಿ ಆಗ್ನೇಯ ಏಷ್ಯಾದಿಂದ ಹೋದ ತರುಣರೂ ಇದ್ದರು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ರಾಂತಿ ಹಬ್ಬಿತು. 1912ರಲ್ಲಿ ಚೀನಾ ಗಣರಾಜ್ಯವಾಯಿತು. ಸನ್ ಯಾತ್ ಸೇನನ ಅನುಯಾಯಿಗಳು ಆ ವರ್ಷವೇ ಕುವೊಮಿನ್‌ಟಾಂಗ್ ಪಕ್ಷವನ್ನು ಕಟ್ಟಿದರು. ಮಲಯದಲ್ಲಿಯೂ ಅದರ ಶಾಖೆಗಳು ಹುಟ್ಟಿಕೊಂಡವು.

ಪಕ್ಷದ ಪ್ರಭಾವ ಶಾಲೆಗಳಲ್ಲಿ ವಿಶೇಷವಾಗಿ ಕಾಣಿಸಿತು. ಚೀನೀ ಶಾಲೆಗಳಿಗೆ ಉಪಾಧ್ಯಾಯರೂ ಪಠ್ಯಪುಸ್ತಕಗಳೂ ಚೀನಾದಿಂದಲೇ ಬರುತ್ತಿದ್ದವು. ಸಾಮ್ರಾಜ್ಯಶಾಹಿಯನ್ನು ಖಂಡಿಸುವ ಮಾತುಗಳು ಮಕ್ಕಳ ಕಿವಿಗೆ ಬಿದ್ದವು. ಬ್ರಿಟಿಷರು 1920ರಲ್ಲಿ ಶಾಲೆಗಳು ನೋಂದಣಿಯಾಗಬೇಕೆಂಬ ಕಾನೂನನ್ನು ತಂದರು. 1930ರಲ್ಲಿ ಗವರ್ನರ್ ಆಗಿ ಬಂದ ಸರ್ ಸೆಸಿಲ್ ಕ್ಲೆಮೆಂಟಿಯು ಪಕ್ಷದ ಮುಖಂಡರನ್ನು ಕರೆಸಿ, ಅದರ ಚಟುವಟಿಕೆಗಳು ನಿಲ್ಲತಕ್ಕದ್ದೆಂದು ಕಟ್ಟಪ್ಪಣೆ ಮಾಡಿದನು. ಆದರೂ ಪಕ್ಷದ ಪ್ರಭಾವ ಅಳಿಯಲಿಲ್ಲ.

ಒಂದು ಸರಕಾರದ ನೆಲದಲ್ಲಿ ಮತ್ತೊಂದು ದೇಶದ ಪಕ್ಷ ಅಧಿಕಾರ ನಡೆಸಬಾರದೆಂಬ ಬ್ರಿಟಿಷರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಸರಕಾರ ದುಡಿಯುವ ಜನರಿಗೆ ಆಡಳಿತದಲ್ಲಿ ಪಾಲು ಕೊಟ್ಟಿರಲಿಲ್ಲ. ತಾನಿರುವ ನೆಲದಲ್ಲಿ ಮಾತಿಗೆ ಬೆಲೆಯಿಲ್ಲದವನು, ತನಗೆ ಗೌರವ ನೀಡುವ ದೂರದ ದನಿಗೆ ಓಗೊಡುವುದು ಸಹಜ.

ಈ ನಿಷ್ಠೆಗೆ ಜನರು ತೆತ್ತ ಬೆಲೆ ಅಲ್ಪವಲ್ಲ. 1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿದಾಗ ಮಲಯದ ಚೀನೀಯರು ಉದಾರವಾಗಿ ಧನಸಹಾಯ ಮಾಡಿದರು. 1942ರಲ್ಲಿ ಸಿಂಗಪುರವನ್ನು ಗೆದ್ದ ಜಪಾನೀ ಸೈನಿಕರು, ತಮ್ಮ ವಿರೋಧಿಗಳೆಂದು ಶಂಕಿಸಿ ಸಾವಿರಾರು ಚೀನೀಯರನ್ನು ಕೊಂದರು.

1949ರಲ್ಲಿ ಕುವೊಮಿನ್‌ಟಾಂಗ್ ಚೀನಾದ ಮುಖ್ಯಭೂಮಿಯನ್ನು ಕಳೆದುಕೊಂಡಿತು. ಅದೇ ವರ್ಷ ಮಲಯದ ಚೀನೀಯರು ಆ ನೆಲಕ್ಕೇ ಸೇರಿದ ತಮ್ಮದೊಂದು ರಾಜಕೀಯ ಸಂಸ್ಥೆಯನ್ನು ಕಟ್ಟಿದರು. 1957ರಲ್ಲಿ ಮಲಯ ಸ್ವತಂತ್ರವಾದಾಗ ಅವರಲ್ಲಿ ಬಹುಮಂದಿಗೆ ಪೌರತ್ವದ ದಾರಿ ತೆರೆಯಿತು. ಪರದೇಶದ ಪಕ್ಷದ ಪ್ರಭಾವವನ್ನು ನಿಷೇಧಾಜ್ಞೆ ತಡೆಯಲಾರದೆ ಹೋಯಿತು. ಜನರನ್ನು ಆ ನೆಲಕ್ಕೆ ಬೆಸೆಯುವ ಶಕ್ತಿ ಪೌರತ್ವಕ್ಕಿತ್ತು.

ಅಭ್ಯಾಸ

1. ವಲಸೆ ಬಂದ ಚೀನೀಯರ ಮೇಲೆ ಎರಡು ದೇಶಗಳು ಹಕ್ಕು ಸಾಧಿಸಿದುದು ಹೇಗೆ?
2. ಪೆನಾಂಗ್ ಸಭೆಯ ನಿರ್ಧಾರವೇನು? ಅದರ ಪರಿಣಾಮವೇನಾಯಿತು?
3. ಬ್ರಿಟಿಷರ ಭೀತಿ ಎಷ್ಟರಮಟ್ಟಿಗೆ ನ್ಯಾಯವಾದುದು? ವಿವೇಚಿಸಿರಿ.